ಒಂದು ಕೆಟ್ಟರೂ ನಡೆಯುತ್ತಿದೆಯಲ್ಲ ಎನ್ನುವವರಿಗೆ

ಕ್ಯಾಲಿಫೋರ್ನಿಯಾದ ಟ್ಯಾಂಡಮ್ ಕಂಪನಿ 1976ರಲ್ಲಿ ಗ್ರಾಹಕರ ಕೈಗಿತ್ತ ಟ್ಯಾಂಡಮ್/16 ಮಿನಿಕಂಪ್ಯೂಟರಿನ ನಕ್ಷೆಯನ್ನು ನಾನು ಈಗಲೂ ಬ್ಯಾಂಕುಗಳ ಸರ್ವರ್ ಕೋಣೆಗಳಲ್ಲಿ ಬರೆದು ತೋರಿಸುತ್ತೇನೆ. ಎರಡರಿಂದ ಹದಿನಾರರವರೆಗೆ ಪ್ರೊಸೆಸರುಗಳು, ಪ್ರತಿಯೊಂದಕ್ಕೂ ಅದರದೇ ಮೆಮೊರಿ ಮತ್ತು ವಿದ್ಯುತ್ ಪೂರೈಕೆ, ಅವುಗಳ ನಡುವೆ ಡೈನಾಬಸ್ ಎಂಬ ಜೋಡಿ ಬಸ್, ಅಂದರೆ ಮಾಹಿತಿ ಸಾಗುವ ಎರಡು ಮಾರ್ಗಗಳು. ಪ್ರತಿ ಪ್ರೊಸೆಸರೂ ಸೆಕೆಂಡಿಗೊಮ್ಮೆ ತಾನು ಬದುಕಿರುವುದನ್ನು ಉಳಿದವುಗಳಿಗೆ ತಿಳಿಸುತ್ತದೆ. ಮುಖ್ಯ ಪ್ರೋಗ್ರಾಮು ತನ್ನ ಕೆಲಸ ಎಲ್ಲಿಗೆ ಬಂತೆಂಬುದನ್ನು ಬೇರೊಂದು ಪ್ರೊಸೆಸರಿನಲ್ಲಿ ಕಾದಿರುವ ಜೋಡಿಗೆ ಆಗಾಗ ಒಪ್ಪಿಸುವುದರಿಂದ, ಒಂದು ನಿಂತರೆ ಇನ್ನೊಂದು ಅಲ್ಲಿಂದಲೇ ಮುಂದುವರಿಸುತ್ತದೆ.

ಇಷ್ಟನ್ನು ಎಲ್ಲರೂ ಮೆಚ್ಚುತ್ತಾರೆ. ಆದರೆ ಯಂತ್ರ ನಡೆಯುತ್ತಿರುವಾಗಲೇ ಕೆಟ್ಟ ಬೋರ್ಡನ್ನು ಕಳಚಿ ಹೊಸದನ್ನು ಹಾಕುವ ಅನುಕೂಲವನ್ನು ಆ ವಿನ್ಯಾಸಕಾರರು ಏಕೆ ಇಟ್ಟರು ಎಂದು ಕೇಳುವವರು ಅಪರೂಪ. ಜೋಡಿಯಿಂದ ದೊರೆಯುವುದು ದುರಸ್ತಿಗೆ ಬೇಕಾದ ಕಾಲಾವಕಾಶ ಮಾತ್ರ. ದುರಸ್ತಿಯಿಂದ ವಿನಾಯಿತಿ ದೊರೆಯುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಒಂದು ಘಟಕ ಸರಾಸರಿ ವರ್ಷಕ್ಕೊಮ್ಮೆ ಕೆಡುತ್ತದೆಂದೂ, ಕೆಟ್ಟದ್ದನ್ನು ಸರಾಸರಿ ಒಂದು ದಿನದಲ್ಲಿ ಸರಿಪಡಿಸುತ್ತೀರೆಂದೂ ಇಟ್ಟುಕೊಂಡರೆ, ಎರಡೂ ಒಟ್ಟಿಗೆ ಮಲಗಲು ಸರಾಸರಿ 180 ವರ್ಷಕ್ಕೂ ಹೆಚ್ಚು ಬೇಕು. ಅದೇ ದುರಸ್ತಿಗೆ ಮೂರು ತಿಂಗಳು ತೆಗೆದುಕೊಂಡರೆ ಆ ಅವಧಿ ಮೂರೂವರೆ ವರ್ಷಕ್ಕೆ ಇಳಿಯುತ್ತದೆ. ಯಂತ್ರ ಅದೇ, ಕೊಟ್ಟ ಹಣವೂ ಅದೇ. ಎರಡು ಘಟಕಗಳು ಒಂದರ ಹಂಗಿಲ್ಲದೆ ಇನ್ನೊಂದು ಕೆಡುತ್ತವೆಂಬ ಊಹೆ ಈ ಲೆಕ್ಕದಲ್ಲಿದೆ. ಒಂದೇ ಎಸಿ, ಒಂದೇ ವಿದ್ಯುತ್ ಮಾರ್ಗ ಇರುವಲ್ಲಿ ಪರಿಸ್ಥಿತಿ ಇದಕ್ಕಿಂತ ಕೆಟ್ಟದಾಗಿರಬಹುದು.

ಟ್ಯಾಂಡಮ್‌ನಲ್ಲಿದ್ದ ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ 1985ರಲ್ಲಿ ಆ ಯಂತ್ರಗಳ ನಿಲುಗಡೆಗಳನ್ನು ಕಾರಣಗಳ ಪ್ರಕಾರ ವಿಂಗಡಿಸಿದಾಗ, ನಿರ್ವಹಣೆ ಮತ್ತು ಕಾರ್ಯಾಚರಣೆಯ ಪಾಲು ಶೇ. 42, ಹಾರ್ಡ್‌ವೇರಿನದು ಶೇ. 18 ಎಂದು ಕಂಡುಬಂದಿತ್ತು. ನನ್ನ ಅನುಭವವೂ ಅದಕ್ಕೆ ದೂರವಿಲ್ಲ. ಒಂದು ಸಹಕಾರಿ ಸಂಸ್ಥೆಯಲ್ಲಿ ಜೋಡಿ ಡಿಸ್ಕುಗಳ ಪೈಕಿ ಒಂದು ಸತ್ತು ನಾಲ್ಕು ತಿಂಗಳಾಗಿತ್ತು. ಕೆಂಪು ದೀಪ ಕಣ್ಣಿಗೆ ಚುಚ್ಚುತ್ತದೆಂದು ಅದರ ಮೇಲೆ ಕಾಗದ ಅಂಟಿಸಿದ್ದರು. ಎರಡನೆಯದೂ ಹೋದ ದಿನ, ಪಿಂಚಣಿ ಪಡೆಯಲು ಬಂದ ಹಿರಿಯರು ಸಂಜೆಯವರೆಗೆ ಮೆಟ್ಟಿಲ ಮೇಲೆ ಕುಳಿತಿದ್ದರು. ಕಾಗದ ಅಂಟಿಸಿದ ಹುಡುಗನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ದೀಪ ಉರಿದರೆ ಯಾರಿಗೆ ತಿಳಿಸಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ನಾನು ನೋಡಿಕೊಳ್ಳುವ ಪ್ರತಿ ಕೋಣೆಯಲ್ಲೂ ಆ ದೀಪದ ಪಕ್ಕದಲ್ಲೇ ನನ್ನ ಫೋನ್ ಸಂಖ್ಯೆ ಬರೆದಿಟ್ಟಿರುತ್ತೇನೆ.