ಯೋಗಲಾಟೀಸ್ ಅಂದ್ರೆ ಎಂತ? (ಗಲಾಟೆ ಅಲ್ಲ ಮಾರಾಯ್ರೇ)

ಕೆಲವು ತಿಂಗಳ ಹಿಂದೆ ಬೆಂಗಳೂರಲ್ಲಿರುವ ಅಣ್ಣನ ಮಗಳು ಫೋನ್ ಮಾಡಿದ್ಲು, ನಾನು ಸ್ಪೀಕರಲ್ಲಿ ಹಾಕಿ ಮೆಟ್ಟುಕತ್ತಿ ಎದುರು ಕೂತು ಅಲಸಂಡೆ ಕೊಚ್ತಾ ಮಾತಾಡ್ತಿದ್ದೆ. ಅವಳು "ಅತ್ತೆ, ನಾನೀಗ ಜಿಮ್ ಬಿಟ್ಟೆ, ಮನೇಲೇ ಯೋಗಲಾಟೀಸ್ ಮಾಡ್ತಿದ್ದೇನೆ" ಅಂದದ್ದೇ ತಡ, ಚಾವಡಿಯಲ್ಲಿ ಅಡಿಕೆ ಹೆಕ್ತಾ ಕೂತಿದ್ದ ನನ್ನ ಗಂಡನ ಅಮ್ಮ ಮಂಡೆ ಎತ್ತಿ "ಎಂತ ಗಲಾಟೆ ಅದು? ಎಲ್ಲಿ ಆದ್ದು?" ಅಂತ ಕೇಳಿದ್ರು. ನಗು ಬಂತು ನಿಜ, ಆದ್ರೆ ಆ ಹೊತ್ತಿಗೆ ನನಗೂ ಸರಿಯಾಗಿ ಗೊತ್ತಿರಲಿಲ್ಲ ಅದೆಂತ ಅಂತ. ಪಕ್ಕದ ಮನೆ ಕೊಂಕಣಿ ಬಾಯಿ ಹತ್ರ ಪಿಲಾಟೀಸ್ ಅಂತ ಹೇಳಿದಾಗ ಅವರು "ಬೈಬಲ್ಲಿನ ಪಿಲಾತನಾ?" ಅಂದ್ರು. ಹೀಗೆ ಒಂದು ಪದ ನಮ್ಮ ನೀರ್ಚಾಲಿನ ಗುಡ್ಡೆ ಹತ್ತುವಷ್ಟರಲ್ಲಿ ಗಲಾಟೆಯೂ ಆಯ್ತು ಪಿಲಾತನೂ ಆಯ್ತು. ಇಪ್ಪತ್ತು ವರ್ಷ ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳಿಗೆ ಸಂಧಿ ಪಾಠ ಮಾಡಿದವಳು ನಾನು, ಪದ ಸಿಕ್ಕಿದ್ರೆ ಬಿಡಿಸಿ ನೋಡದೆ ನಿದ್ದೆ ಬರುದಿಲ್ಲ.

ಬಿಡಿಸಿದ್ರೆ ಸುಲಭ. ಯೋಗ + ಪಿಲಾಟೀಸ್ = ಯೋಗಲಾಟೀಸ್. 'ಪಿ' ಹಾರಿಹೋಗಿದೆ. ಲೋಪ ಸಂಧಿ ಅಂತ ಹೇಳುವ ಅಂದ್ರೆ ನಮ್ಮ ಲೋಪ ಸಂಧಿಯಲ್ಲಿ ಹೋಗುದು ಮೊದಲ ಪದದ ಕೊನೇ ಸ್ವರ, ಊರು + ಅಲ್ಲಿ = ಊರಲ್ಲಿ ಇದ್ದ ಹಾಗೆ, ಇಲ್ಲಿ ಎರಡನೇ ಪದದ ತಲೆಯೇ ಹೋಗಿದೆ. ಇರಲಿ, ಇಂಗ್ಲಿಷಿನವರ ಹತ್ರ ನಾವು ವ್ಯಾಕರಣದ ಜಗಳಕ್ಕೆ ಹೋಗುದು ಬೇಡ. 1990ರ ದಶಕದ ಕೊನೆಗೆ ಆಸ್ಟ್ರೇಲಿಯಾ, ಅಮೆರಿಕ ಕಡೆ ಎರಡನ್ನೂ ಕಲಿತ ಟೀಚರುಗಳು ಎರಡನ್ನೂ ಒಂದೇ ಕ್ಲಾಸಲ್ಲಿ ಸೇರಿಸಿ ಕಲಿಸ್ಲಿಕ್ಕೆ ಶುರು ಮಾಡಿದ್ರು, ಹೆಸರು ಅಲ್ಲಿಂದ ಬಂದದ್ದು. ಸಂಧಿ ಅಂದ್ರೆ ನಮ್ಮಲ್ಲಿ ವ್ಯಾಕರಣದ ಸಂಧಿಯೂ ಹೌದು, ಮೊಣಗಂಟಿನ ಸಂಧಿಯೂ ಹೌದು, ಹಾಗಾಗಿ ಈ ಪದ ನನಗೆ ಎರಡೂ ಲೆಕ್ಕದಲ್ಲಿ ಬೇಕಾದದ್ದೇ. ಬೋರ್ಡಿನ ಎದುರು ನಿಂತು ನಿಂತು ಸೊಂಟ ಹೋಗಿತ್ತು.

ಯೋಗದ ಬಗ್ಗೆ ನಾನು ಹೊಸದಾಗಿ ಹೇಳ್ಲಿಕ್ಕೆ ಎಂತದ್ದೂ ಇಲ್ಲ, ಜೂನ್ 21 ಬಂದ್ರೆ ಶಾಲೆ ಮಕ್ಕಳೆಲ್ಲ ಅಂಗಳದಲ್ಲಿ ತಾಡಾಸನ ನಿಲ್ತಾರೆ. 'ಯುಜ್' ಅಂದ್ರೆ ಸೇರಿಸುದು, ಅಲ್ಲಿಂದ ಯೋಗ. ಅಂದ್ರೆ ಈ ಪದದ ಅರ್ಧಭಾಗಕ್ಕೇ ಜೋಡಣೆ ಅಂತ ಅರ್ಥ ಇರುವಾಗ ಅದಕ್ಕೆ ಇನ್ನೊಂದನ್ನು ಜೋಡಿಸಿದ್ದಾರೆ, ಗಮ್ಮತ್ತಲ್ವಾ. ಪತಂಜಲಿ ಆಸನಕ್ಕೆ ಕೊಟ್ಟ ಲಕ್ಷಣ ಮಾತ್ರ ಮನಸ್ಸಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗ್ತದೆ: ಸ್ಥಿರಸುಖಮಾಸನಂ. ಅಲುಗಾಡದೆ ಇರ್ಬೇಕು, ಹಿತವಾಗಿಯೂ ಇರ್ಬೇಕು.

ಪಿಲಾಟೀಸ್ ಮಾತ್ರ ಆಸನದ ಹೆಸರೂ ಅಲ್ಲ, ಊರಿನ ಹೆಸರೂ ಅಲ್ಲ, ಒಬ್ಬ ಮನುಷ್ಯನ ಹೆಸರು. ಜೋಸೆಫ್ ಪಿಲಾಟೀಸ್, 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು, ಸಣ್ಣದಿರುವಾಗ ದಮ್ಮು, ಎಲುಬು ಮೆತ್ತಗಾಗುವ ರಿಕೆಟ್ಸ್, ಒಟ್ಟು ರೋಗದ ಮೂಟೆ. ಆ ಶರೀರವನ್ನು ಗಟ್ಟಿ ಮಾಡ್ಬೇಕು ಅಂತ ಹೊರಟವ ಕುಸ್ತಿ, ಬಾಕ್ಸಿಂಗ್, ಜಿಮ್ನಾಸ್ಟಿಕ್ಸ್ ಎಲ್ಲ ಕಲಿತ. ಒಂದನೇ ಮಹಾಯುದ್ಧದ ಸಮಯ ಇಂಗ್ಲೆಂಡಲ್ಲಿ ಇದ್ದ ಕಾರಣ ಶತ್ರುದೇಶದವ ಅಂತ ಹೇಳಿ ಕ್ಯಾಂಪಲ್ಲಿ ಕೂಡಿಹಾಕಿದ್ರು, ಅಲ್ಲಿ ಜೊತೆಗಿದ್ದವರಿಗೆ ನೆಲದಲ್ಲಿ ಮಲಗಿಸಿ ವ್ಯಾಯಾಮ ಕಲಿಸಿದ. ಆಮೇಲೆ 1920ರ ದಶಕದಲ್ಲಿ ನ್ಯೂಯಾರ್ಕಿಗೆ ಹೋಗಿ ಹೆಂಡತಿ ಕ್ಲಾರಾ ಜೊತೆ ಸ್ಟುಡಿಯೋ ಹಾಕಿದ. ಅವನಿಟ್ಟ ಹೆಸರು ಪಿಲಾಟೀಸ್ ಅಲ್ಲವೇ ಅಲ್ಲ, 'ಕಂಟ್ರಾಲಜಿ', ಹಿಡಿತದ ಶಾಸ್ತ್ರ ಅನ್ನಬಹುದು. ಜನ ಅದನ್ನು ಬಿಟ್ಟು ಅವನ ಹೆಸರನ್ನೇ ಹಿಡ್ಕೊಂಡ್ರು. 1967ರಲ್ಲಿ ತೀರಿಹೋದ. ಅವನ ನಂತರ ಈ ಹೆಸರು ಯಾರ ಸೊತ್ತು ಅಂತ ಕೋರ್ಟಿಗೆ ಹೋಗಿ, 2000ದಲ್ಲಿ ನ್ಯೂಯಾರ್ಕಿನ ಕೋರ್ಟು ಇದು ಯೋಗ, ಕರಾಟೆ ಇದ್ದ ಹಾಗೆ ಒಂದು ಪದ್ಧತಿಯ ಹೆಸರು, ಯಾರೊಬ್ಬರ ಟ್ರೇಡ್‌ಮಾರ್ಕೂ ಅಲ್ಲ ಅಂತ ತೀರ್ಪು ಕೊಟ್ಟಿತು. ಈಗ ಗಲ್ಲಿಗಲ್ಲಿಯಲ್ಲಿ ಬೋರ್ಡು ಕಾಣುದು ಅದಕ್ಕೇ.

ಒಂದು ಸಂಗತಿ ನನಗೆ ತುಂಬ ಖುಷಿ ಕೊಟ್ಟದ್ದು, ಪಿಲಾಟೀಸಿನ ಮೊದಲ ಪುಸ್ತಕ ಬಂದದ್ದು 1934ರಲ್ಲಿ. ಅದೇ 1934ರಲ್ಲಿ ಮೈಸೂರು ಅರಮನೆಯ ಯೋಗಶಾಲೆಯ ಕೃಷ್ಣಮಾಚಾರ್ಯರ 'ಯೋಗ ಮಕರಂದ' ಬಂತು, ಅದೂ ಕನ್ನಡದಲ್ಲಿ. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಇಬ್ಬರೂ ಅವರ ಶಿಷ್ಯರೇ, ಇವತ್ತು ಲೋಕ ಇಡೀ ಮಾಡುವ ಯೋಗದ ದೊಡ್ಡ ಪಾಲು ಆ ಶಾಲೆಯಿಂದ ಹೋದದ್ದು. ಒಬ್ಬರು ಮೈಸೂರಲ್ಲಿ ಕನ್ನಡದಲ್ಲಿ ಬರೀತಿದ್ದಾರೆ, ಇನ್ನೊಬ್ಬ ನ್ಯೂಯಾರ್ಕಲ್ಲಿ ಇಂಗ್ಲಿಷಲ್ಲಿ, ಇಬ್ಬರೂ ಹೇಳುದು ಉಸಿರನ್ನೂ ಶರೀರವನ್ನೂ ಒಟ್ಟಿಗೆ ನಡೆಸು ಅಂತಲೇ.

ಹಾಗಾದ್ರೆ ಎರಡೂ ಒಂದೇ ಅಲ್ವಾ ಅಂತ ಕೇಳ್ಬೇಡಿ. ಯೋಗದ ಸೇತುಬಂಧ ಪಿಲಾಟೀಸಲ್ಲಿಯೂ ಉಂಟು, ಬ್ರಿಜ್ ಅಂತಾರೆ. ಭುಜಂಗಾಸನದ ಹತ್ರದ್ದು ಸ್ವಾನ್, ಹಲಾಸನದ ಹಾಗಿರುದು ರೋಲ್ ಓವರ್. ಆದ್ರೆ ಯೋಗದಲ್ಲಿ ಒಂದು ಭಂಗಿಗೆ ಹೋಗಿ ಅಲ್ಲೇ ನಿಲ್ತೇವೆ, ಪಿಲಾಟೀಸಲ್ಲಿ ನಿಲ್ಲುದು ಕಮ್ಮಿ, ಹೋಗಿ ಬರುದೇ ಕೆಲಸ, ಅದೂ ಎಣಿಸಿ, ನಿಧಾನ, ಹೊಟ್ಟೆಯ ನಡುಭಾಗದಿಂದ. ಈ ನಡುಭಾಗಕ್ಕೆ ಅವರು ಪವರ್‌ಹೌಸ್ ಅಂತಾರೆ, ಈಗಿನವರು ಕೋರ್ ಅಂತಾರೆ. ಸಿಕ್ಸ್ ಪ್ಯಾಕ್ ಅಲ್ಲ ಆಯ್ತಾ, ಅದು ಮೇಲಿನದ್ದು. ಇದು ಹೊಟ್ಟೆಯ ಎಲ್ಲಕ್ಕಿಂತ ಒಳಗಿನ ಪದರ, ಬೆಲ್ಟಿನ ಹಾಗೆ ಸುತ್ತ ಬಂದಿರುವ ಸ್ನಾಯು, ಮೇಲೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಿನ ಸ್ನಾಯು), ಕೆಳಗೆ ಕಿಬ್ಬೊಟ್ಟೆಯ ತಳ, ಹಿಂದೆ ಬೆನ್ನೆಲುಬಿನ ಮಣಿಗಳನ್ನು ಹಿಡಿದಿಡುವ ಸಣ್ಣ ಸಣ್ಣ ಸ್ನಾಯುಗಳು. ನಮ್ಮ ತೆಂಕುತಿಟ್ಟು ಯಕ್ಷಗಾನದ ವೇಷಧಾರಿಗಳು ಅಷ್ಟು ಭಾರದ ಕಿರೀಟ ಕಟ್ಟಿ ಧೀಂಗಿಣ ಹಾಕುವಾಗ ಕೈಕಾಲು ಎಲ್ಲ ಗಿರ್ರ್ ಅಂತ ತಿರುಗಿದ್ರೂ ನಡು ಮಾತ್ರ ಕಂಬದ ಹಾಗೆ ಇರ್ತದೆ ನೋಡಿ, ಅದೇ ಪವರ್‌ಹೌಸ್. ನ್ಯೂಯಾರ್ಕಲ್ಲಿಯೂ ಪಿಲಾಟೀಸಿನ ಹತ್ರ ಮೊದಲು ಓಡಿ ಬಂದದ್ದು ಡ್ಯಾನ್ಸಿನವರೇ.

ಈ ಸ್ನಾಯುವನ್ನು ಎಬ್ಬಿಸುದು ಹೇಗೆ? ಅಣ್ಣನ ಮಗಳು 'ಹೊಕ್ಕುಳನ್ನು ಬೆನ್ನೆಲುಬಿಗೆ ಎಳೀರಿ' ಅಂದ್ಲು, ನಾನು ಉಸಿರು ಕಟ್ಟಿ ಹೊಟ್ಟೆ ಪೂರ ಒಳಗೆಳೆದೆ, ಮಂಡೆ ತಿರುಗಿತು. ಹಾಗಲ್ಲ. ಹೆಂಗಸರಿಗೆ ಸುಲಭದಲ್ಲಿ ಹೇಳ್ಬೇಕಾದ್ರೆ ಸೀರೆ ಉಡುವಾಗ ಲಂಗದ ಲಾಡಿ ಬಿಗಿಯುವ ಕ್ಷಣ ಹೊಟ್ಟೆ ಎಷ್ಟು ಒಳಗೆ ಹೋಗ್ತದೋ ಅಷ್ಟೇ, ಹತ್ತರಲ್ಲಿ ಮೂರು ಪಾಲು ಸಾಕು, ಮಾತಾಡ್ಲಿಕ್ಕೆ ಆಗ್ಬೇಕು, ಉಸಿರಾಡ್ಲಿಕ್ಕೆ ಆಗ್ಬೇಕು.

ಈಗ ನಿಜವಾದ ಗಲಾಟೆ ಇರುದು ಉಸಿರಲ್ಲಿ. ಯೋಗ ಕ್ಲಾಸಲ್ಲಿ ಸುರುವಿಗೆ ಕಲಿಸುದು ಉಸಿರು ತೆಗೊಳ್ಳುವಾಗ ಹೊಟ್ಟೆ ಉಬ್ಬಬೇಕು, ಬಿಡುವಾಗ ಇಳೀಬೇಕು, ಎರಡೂ ಮೂಗಲ್ಲೇ ಅಂತ. ಪಿಲಾಟೀಸಿನವರು ಹೇಳುದು ಹೊಟ್ಟೆ ಒಳಗೇ ಇರಲಿ, ಪಕ್ಕೆಲುಬು ಎಡಬಲಕ್ಕೆ ಅಗಲ ಆಗಲಿ, ಮೂಗಲ್ಲಿ ತೆಗೊಂಡು ಬಾಯಲ್ಲಿ ಬಿಡಿ, ಕಷ್ಟದ ಭಾಗ ಬಂದಾಗ ಬಿಡಿ. ಎರಡನ್ನೂ ಒಟ್ಟಿಗೆ ಕೇಳಿದ ಹೊಸಬರ ಪಾಡು ಗದ್ದೆಯಲ್ಲಿ ಇಬ್ಬರು ಯಜಮಾನರು ಇದ್ದ ಹಾಗೆ. ನಾನು ಮಾಡಿಕೊಂಡ ಪಂಚಾತಿಕೆ ಹೀಗೆ: ಅಲುಗಾಡುವಾಗ, ಎತ್ತುವಾಗ ಪಿಲಾಟೀಸಿನ ಉಸಿರು, ಸುಮ್ಮನೆ ಕೂರುವಾಗ ಮಲಗುವಾಗ ಯೋಗದ ಉಸಿರು. ಒಂದರ ಜಾಗಕ್ಕೆ ಇನ್ನೊಂದು ಬರುದು, ಮಳೆ + ಕಾಲ ಮಳೆಗಾಲ ಆದ ಹಾಗೆ, ಇದು ಆದೇಶ ಸಂಧಿ.

ಪಕ್ಕೆಲುಬಿನ ಉಸಿರು ಅರ್ಥ ಆಗದವರು ಒಂದು ಬೈರಾಸು (ಟವೆಲ್) ತೆಗೊಳ್ಳಿ, ಮಲಯಾಳದವರ ತೋರ್ತು ಆದ್ರೆ ಇನ್ನೂ ಒಳ್ಳೇದು, ತೆಳ್ಳಗೆ ಇರ್ತದೆ. ಬೆನ್ನ ಹಿಂದಿನಿಂದ ಎದೆಯ ಕೆಳಗೆ ಪಕ್ಕೆಲುಬಿಗೆ ಸುತ್ತಿ, ಮುಂದೆ ಎರಡು ತುದಿಯನ್ನು ಅಡ್ಡ ದಾಟಿಸಿ ಬಲದ ತುದಿ ಎಡಗೈಲಿ ಎಡದ ತುದಿ ಬಲಗೈಲಿ ಹಿಡ್ಕೊಳ್ಳಿ. ಉಸಿರು ತೆಗೊಳ್ಳುವಾಗ ಬೈರಾಸು ಬಿಗಿಯಾಗ್ಬೇಕು, ಕೈಗೆ ಎಳೆತ ಗೊತ್ತಾಗ್ತದೆ. ಬಿಡುವಾಗ ಮೆಲ್ಲ ಬಿಗಿ ಮಾಡಿ, ಪಕ್ಕೆಲುಬು ಮುಚ್ಚಿಕೊಳ್ತದೆ, ಹೊಟ್ಟೆ ತನ್ನಿಂತಾನೇ ಒಳಗೆ ಹೋಗ್ತದೆ. ಹೆಗಲು ಮೇಲೆ ಬಂದ್ರೆ ತಪ್ಪು. ನನಗೆ ಇದು ಹಿಡಿತಕ್ಕೆ ಸಿಗ್ಲಿಕ್ಕೆ ನಾಲ್ಕು ದಿನ ಬೇಕಾಯ್ತು, ಸಿಕ್ಕಿದ ದಿನ ಅತ್ತೆಗೂ ಸುತ್ತಿದೆ, ಅವರು ಒಂದೇ ಸಲಕ್ಕೆ ಮಾಡಿದ್ರು. ಚಿಕ್ಕಂದಿನಿಂದ ಬಾವಿಯ ನೀರು ಸೇದಿದ ಶರೀರ ಅದು.

ಇನ್ನು ಮನೆಯಲ್ಲಿ ಮಾಡುದು ಹೇಗೆ ಅಂದ್ರೆ, ದೊಡ್ಡ ಊರಿನ ಸ್ಟುಡಿಯೋಗಳಲ್ಲಿ ಸ್ಪ್ರಿಂಗ್ ಹಾಕಿದ ಮಂಚದ ಹಾಗಿನ ರಿಫಾರ್ಮರ್ ಅಂತ ಮಿಷಿನ್ ಇರ್ತದೆ, ಅದು ನಮಗೆ ಬೇಡ. ಚಾಪೆ ಸಾಕು. ನನ್ನದು ಇಪ್ಪತ್ತೈದು ನಿಮಿಷ, ವಾರಕ್ಕೆ ಮೂರು ದಿನ. ಮೊದಲು ಮಲಗಿ ಮೊಣಕಾಲು ಮಡಚಿ ಆ ಬೈರಾಸಿನ ಉಸಿರು ಹತ್ತು. ಮತ್ತೆ ಮಂಡಿಯೂರಿ ಮಾರ್ಜರಿ, ಬೆಕ್ಕು ಮೈಮುರಿದ ಹಾಗೆ ಬೆನ್ನು ಮೇಲೆ ಕೆಳಗೆ. ಅಲ್ಲಿಂದ ಅಡ್ಡ ಕೈ ಅಡ್ಡ ಕಾಲು ಚಾಚುದು, ಬಲಗೈ ಎಡಗಾಲು, ಸೊಂಟದ ಮೇಲೆ ನೀರಿನ ಲೋಟ ಇಟ್ಟಿದ್ದಾರೆ ಅಂತ ಗ್ರಹಿಸಿ. ಮತ್ತೆ ಪುನಃ ಮಲಗಿ ಸೇತುಬಂಧ, ಇದನ್ನು ಮಾತ್ರ ನಿಧಾನದಲ್ಲಿ ಮಾಡಿ ನನ್ನ ಲೆಕ್ಕದಲ್ಲಿ. ಏಳುವಾಗ ಒಟ್ರಾಸಿ ಸೊಂಟ ಎತ್ತಿಬಿಡುದಲ್ಲ, ಬಾಲದ ಎಲುಬಿನಿಂದ ಒಂದೊಂದೇ ಮಣಿ ನೆಲ ಬಿಡ್ಬೇಕು. ಮೇಲೆ ಯೋಗದ ಲೆಕ್ಕದಲ್ಲಿ ಮೂರು ಉಸಿರು ನಿಲ್ಲಿ. ಇಳಿಯುವಾಗ ಮೇಲ್ಬೆನ್ನಿನಿಂದ ಸುರು ಮಾಡಿ, ಮಲ್ಲಿಗೆ ಮಾಲೆಯನ್ನು ಹೂ ಬಾಡದ ಹಾಗೆ ತಟ್ಟೆಯಲ್ಲಿ ಇಡ್ತೇವಲ್ಲ, ಒಂದೊಂದು ಹೂ ಮುಟ್ಟುದು ಗೊತ್ತಾಗುವಷ್ಟು ಮೆಲ್ಲ, ಹಾಗೆ. ನನ್ನ ಸೊಂಟದ ಹತ್ರ ನಾಲ್ಕು ಮಣಿ ಒಟ್ಟಿಗೆ ದಪ್ಪಂತ ಬೀಳ್ತಿತ್ತು, ಅದೇ ನೋವಿನ ಜಾಗ ಕೂಡ. ಎರಡು ತಿಂಗಳ ಮೇಲೆ ಈಗ ಅವು ಬಿಡಿಬಿಡಿಯಾಗಿ ಇಳೀತವೆ. ಇಲ್ಲಿ ನಿಲ್ಲುದೂ ಉಂಟು, ಹೋಗಿಬರುದೂ ಉಂಟು, ಬರೀ ಯೋಗದಲ್ಲಿ ನಾನು ಗಮನಿಸದಿದ್ದದ್ದು ಸಿಕ್ಕಿತು. ಮನೆ + ಅಲ್ಲಿ ಸೇರುವಾಗ ಎಲ್ಲಿಂದಲೋ ಒಂದು 'ಯ' ಬರ್ತದಲ್ಲ, ಆಗಮ ಸಂಧಿ, ಆ ತರ.

ಆಮೇಲೆ 'ಹಂಡ್ರೆಡ್'. ಇದು ಪಿಲಾಟೀಸಿನ ಪ್ರಸಿದ್ಧ ಐಟಂ, ಮಲಗಿ ಮಂಡೆ, ಕಾಲು ಎತ್ತಿ, ಚಾಚಿದ ಕೈಯನ್ನು ಪಟಪಟ ಮೇಲೆ ಕೆಳಗೆ ಆಡಿಸ್ತಾ ಐದು ಎಣಿಕೆಗೆ ಉಸಿರು ಒಳಗೆ, ಐದಕ್ಕೆ ಹೊರಗೆ, ಹತ್ತು ಸುತ್ತಿಗೆ ನೂರು. ನಾನು ಮೊದಲ ದಿನವೇ ಹಟದಲ್ಲಿ ನೂರೂ ಮಾಡಿದೆ, ಕುತ್ತಿಗೆ ಹಿಡಿದು ಎರಡು ದಿನ ಬೋರ್ಡಿನ ಕಡೆ ಇಡೀ ಶರೀರ ತಿರುಗಿಸಿ ಪಾಠ ಮಾಡಿದ್ದೇನೆ, ಹಿಂದಿನ ಬೆಂಚಿನ ಮಕ್ಕಳಿಗೆ ನಗುವೋ ನಗು. ಹೊಸಬರು ಮಂಡೆ ನೆಲದಲ್ಲೇ ಇಡಿ, ಪಾದವೂ ನೆಲದಲ್ಲೇ, ಐವತ್ತಕ್ಕೆ ನಿಲ್ಲಿಸಿ. ಮತ್ತೆ ಕವುಚಿ ಮಲಗಿ ತಗ್ಗಿನ ಭುಜಂಗ, ಮೊಣಕಾಲೂರಿ ಪ್ಲ್ಯಾಂಕ್, ಅಂದ್ರೆ ಮೈಯನ್ನು ಹಲಗೆಯ ಹಾಗೆ ನೇರ ಹಿಡಿಯುದು, ಹದಿನೈದು ಸೆಕೆಂಡ್, ಕಾಲು ಮಡಚಿ ಕೂತು ಹಣೆ ನೆಲಕ್ಕೆ ಇಡುವ ಶಶಾಂಕಾಸನ, ಕಡೆಗೆ ಶವಾಸನ.

ಎಲುಬು ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಇರುವವರು ಬೆನ್ನು ಮುಂದಕ್ಕೆ ಬಗ್ಗಿಸಿ ಏಳುವಂಥದ್ದು ಮಾಡ್ಲೇಬಾರದು, ಬೆನ್ನೆಲುಬಿನ ಮಣಿ ಒತ್ತಿ ಬಿರುಕು ಬಿಡುವ ಅಪಾಯ ಉಂಟು. ಬಸುರಿಯರು, ಹೆರಿಗೆ ಆಗಿ ಹೊಟ್ಟೆಯ ಸ್ನಾಯು ನಡುವೆ ಬಿಟ್ಟುಕೊಂಡವರು, ಡಿಸ್ಕ್ ಜಾರಿದವರು ಡಾಕ್ಟ್ರ ಹತ್ರ ಅಥವಾ ಫಿಸಿಯೋ ಹತ್ರ ಕೇಳಿಯೇ ಸುರು ಮಾಡಿ. ಬಿ.ಪಿ. ಇದ್ರೆ ಉಸಿರು ಕಟ್ಟುದು ಬೇಡ. ಇದು ಮಾಡಿದ್ರೆ ನಡೆಯುದು ಬೇಡ ಅಂತಲೂ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ ಹೇಳುದು ವಾರಕ್ಕೆ ಕಮ್ಮಿ ಅಂದ್ರೆ 150 ನಿಮಿಷ ಸ್ವಲ್ಪ ಬೆವರುವ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುವಿಗೆ ಕೆಲಸ. ಸ್ನಾಯುವಿನ ಪಾಲು ಇದರಲ್ಲಿ ತಕ್ಕಮಟ್ಟಿಗೆ ಆಗ್ತದೆ, ದಮ್ಮಿನ ಪಾಲಿಗೆ ನಮ್ಮ ಗುಡ್ಡೆ ಹತ್ತಿಳಿಯುದು ಧಾರಾಳ.

ಈಗ ಲೋಪದ ವಿಷಯಕ್ಕೆ ಬರ್ತೇನೆ. ಫೋನಲ್ಲಿ ಬರುವ ಹದಿನೈದು ನಿಮಿಷದ ಯೋಗಲಾಟೀಸ್ ವಿಡಿಯೋಗಳಲ್ಲಿ ಲೋಪ ಆಗುದು 'ಪಿ' ಒಂದೇ ಅಲ್ಲ, ಶವಾಸನ ಹಾರಿಹೋಗ್ತದೆ, ಸ್ಥಿರಸುಖದ ಸುಖ ಹೋಗ್ತದೆ, ಪಿಲಾಟೀಸ್ ಕಡೆಯಿಂದ ನಿಧಾನ ಹೋಗ್ತದೆ, ಉಳಿಯುದು ಹಾಡಿನ ಜೊತೆ ಕೈಕಾಲು ಬಡಿಯುದು. ಅದಕ್ಕೆ ಯೋಗವೂ ಬೇಡ, ಪಿಲಾಟೀಸೂ ಬೇಡ, ಗಲಾಟೆ ಅಂತ ಅತ್ತೆ ಕೇಳಿಸಿಕೊಂಡದ್ದೇ ಸರಿ. ಸಮಯ ಕಮ್ಮಿ ಇದ್ರೆ ನಾನು ಪ್ಲ್ಯಾಂಕ್ ಬಿಡ್ತೇನೆ, ಹಂಡ್ರೆಡ್ ಬಿಡ್ತೇನೆ, ಸೇತುಬಂಧ ಮತ್ತು ಶವಾಸನ ಬಿಡುದಿಲ್ಲ.

ಚಾಪೆ ಯಾವುದು ಅಂತ ಕೇಳ್ತೀರಿ ಅಂತ ಗೊತ್ತು. ಓಲೆಚಾಪೆ ಕೆಂಪು ನೆಲದಲ್ಲಿ ಜಾರ್ತದೆ, ಮಾರ್ಜರಿಗೆ ಅಡ್ಡಿ ಇಲ್ಲ, ಪ್ಲ್ಯಾಂಕಿಗೆ ಆಗುದಿಲ್ಲ. ರಬ್ಬರಿನ ಮ್ಯಾಟ್ ತೆಗೊಳ್ಳುದಾದ್ರೆ ಸ್ವಲ್ಪ ದಪ್ಪದ್ದೇ ತೆಗೊಳ್ಳಿ, ಬೆನ್ನೆಲುಬು ಉರುಳುವಾಗ ನೆಲ ತಾಗ್ಬಾರದು. ಆಟಿ ತಿಂಗಳ ಮಳೆಗೆ ಅದನ್ನು ಸುತ್ತಿ ಮೂಲೆಯಲ್ಲಿ ಇಟ್ರೆ ವಾರದಲ್ಲಿ ಬೂಸ್ಟು ಹಿಡೀತದೆ, ನಂದು ಹೋದದ್ದೇ ಹಾಗೆ. ಈಗ ಒದ್ದೆ ಬಟ್ಟೆಯಲ್ಲಿ ಒರಸಿ, ಅಡಿಗೆಕೋಣೆಯ ಒಲೆಯ ಮೇಲ್ಭಾಗದ ಹಗ್ಗದಲ್ಲಿ ಬಿಡಿಸಿ ನೇತು ಹಾಕ್ತೇನೆ, ಸ್ವಲ್ಪ ಹೊಗೆ ಪರಿಮಳ ಬರ್ತದೆ, ಶವಾಸನದಲ್ಲಿ ಮಲಗಿದಾಗ ಗಂಜಿ ಬೆಂದ ನೆನಪಾಗಿ ಹಸಿವಾಗ್ತದೆ, ಅಷ್ಟೇ ತೊಂದರೆ.