ಒಟಿಪಿ ಯಾರ ಫೋನಿಗೆ ಬರುತ್ತೆ?

"ಮೇಡಂ, ಮನೇಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ."

ನನ್ನ ಸಮಾಲೋಚನೆ ಕೋಣೆಯಲ್ಲಿ ಕೂತ ಕೂಡಲೇ ಹೀಗೆಂದವರು ನಲವತ್ತರ ಆಸುಪಾಸಿನ ಗಂಡಸು. ಪಕ್ಕದಲ್ಲಿ ಹೆಂಡತಿ, ಖಾಸಗಿ ಶಾಲೆಯಲ್ಲಿ ಟೀಚರ್. ಆಕೆ ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಂತು. ಮನೆ ಬಾಗಿಲಲ್ಲಿ ಸಿಲಿಂಡರ್ ಇಳಿಸಿದ್ದ ಗ್ಯಾಸ್ ಹುಡುಗ ಕೋಡ್ ಕೇಳುತ್ತಿದ್ದ. ಆಕೆ ಗಂಡನ ಕಡೆ ತಿರುಗಿ, "ರೀ, ಒಟಿಪಿ ಬಂದಿದೆಯಾ ನೋಡಿ" ಅಂದರು. ಆತ ಜೇಬಿನಿಂದ ಫೋನ್ ತೆಗೆದು, ಕನ್ನಡಕ ಹಣೆಗೇರಿಸಿ, ಅಂಕಿ ಓದಿ ಹೇಳಿದರು. ಫೋನ್ ಮತ್ತೆ ಜೇಬಿಗೆ ಹೋಯಿತು. ಮಾತು ನಿಂತಲ್ಲಿಂದ ಮುಂದುವರಿಯಿತು: "ಇವರಿಗೆಲ್ಲ ನಾನು ಸುಮ್ನೆ ಒಂದು ಎಟಿಎಂ ಇದ್ದಂಗೆ."

ಗ್ಯಾಸ್ ಒಂದಕ್ಕೇನಾ ನಿಮ್ಮ ನಂಬರ್ ಎಂದು ಕೇಳಿದೆ. ಅಲ್ಲ. ಆಕೆಯ ಸಂಬಳದ ಖಾತೆಗೂ ಅವರದೇ. ಖಾತೆ ತೆರೆಯುವಾಗ ಫಾರಂ ತುಂಬಿದ್ದು ಅವರು. "ನಿನಗ್ಯಾಕೆ ಆ ತಲೆನೋವು" ಅಂತ ತಮ್ಮ ನಂಬರ್ ಬರೆದಿದ್ದರು. ಹಾಗಾಗಿ ಆಕೆಯ ಫೋನಿನಲ್ಲಿ ಫೋನ್‌ಪೇ ಇಲ್ಲ. ತರಕಾರಿ ಗಾಡಿಯವನಿಗೆ ಕೊಡಲು ನೋಟು ಬೇಕು, ನೋಟು ಬೇಕೆಂದರೆ ಗಂಡನನ್ನು ಕೇಳಬೇಕು. ದುಡಿಯುವುದು ಆಕೆ. ಸಂಬಳ ಬಂತು ಅನ್ನೋ ಮೆಸೇಜ್ ಹೋಗುವುದು ಗಂಡನಿಗೆ.

(ಯಾರ ಗುರುತೂ ಸಿಗಬಾರದು ಅಂತ ಮೂರ್ನಾಲ್ಕು ಮನೆಗಳ ಕಥೆ ಕಲಸಿ ಹೇಳುತ್ತಿದ್ದೇನೆ.)

ಈ ಗಂಡಸು ಸುಳ್ಳು ಹೇಳುತ್ತಿದ್ದರಾ? ಈ ಕೆಲಸಕ್ಕೆ ಹೊಸದಾಗಿ ಬಂದಾಗ ನಾನು ಹಾಗೇ ಅಂದುಕೊಳ್ಳುತ್ತಿದ್ದೆ. ಹಿಡಿತವೆಲ್ಲ ಕೈಯಲ್ಲಿಟ್ಟುಕೊಂಡು ಬಡಪಾಯಿಯ ಥರ ಆಡುತ್ತಾರೆ ಅಂತ. ಈಗ ಹಾಗನ್ನಿಸುವುದಿಲ್ಲ. ಮನೆಯಲ್ಲಿ ಅಧಿಕಾರ ಇರುವುದು ಬೇರೆ, ಇದೆ ಎಂದು ಅನ್ನಿಸುವುದು ಬೇರೆ. ನನ್ನ ಕೋಣೆಗೆ ಬರುವ ಜಗಳಗಳಲ್ಲಿ ಬಹಳಷ್ಟು ಹುಟ್ಟುವುದು ಇವೆರಡರ ನಡುವಿನ ಸಂದಿಯಲ್ಲಿ.

ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಎಮಿಲಿ ಕ್ರಾಸ್, ನಿಕೋಲಾ ಓವರಾಲ್ ಮತ್ತು ಜೊತೆಗಾರರು 2019ರಲ್ಲಿ ಇದನ್ನೇ ಅಳೆದು ನೋಡಿದರು. ಹೆಂಗಸರು ಗಂಡಸರನ್ನು ಕುಣಿಸುತ್ತಾರೆ, ಬುಟ್ಟಿಗೆ ಹಾಕಿಕೊಳ್ಳುತ್ತಾರೆ ಎಂದು ಗಟ್ಟಿಯಾಗಿ ನಂಬುವ ಗಂಡಸರಿಗೆ, ತಮ್ಮ ಸಂಬಂಧದಲ್ಲಿ ತಮ್ಮ ಮಾತು ನಡೆಯುತ್ತಿಲ್ಲ ಎಂಬ ಭಾವನೆ ಜಾಸ್ತಿ. ಜೊತೆಗಿರುವ ಹೆಣ್ಣನ್ನು ಕೇಳಿದರೆ ಆಕೆ ಹೇಳುವ ಲೆಕ್ಕ ಬೇರೆ. ಆತನ ಮಾತು ನಡೆಯುತ್ತಲೇ ಇರುತ್ತದೆ, ಆತನಿಗೆ ಮಾತ್ರ ಕಾಣುವುದಿಲ್ಲ. ಕೂಗಾಟ, ಚುಚ್ಚುಮಾತು, ಹೆದರಿಸುವುದು ಎಲ್ಲ ಬರುವುದು ಈ "ಕಡಿಮೆ ಆಯ್ತು" ಅನ್ನೋ ಭಾವನೆಯ ಹಿಂದೆ.

ಆಫೀಸಿನಲ್ಲಿ ಹೀಗಾಗುವುದು ಕಮ್ಮಿ. ಅಲ್ಲಿ ಸಾಹೇಬರಿಗೆ ಕ್ಲರ್ಕಿನಿಂದ ಬೇಕಾಗಿರುವುದು ಫೈಲು, ಪ್ರೀತಿಯಲ್ಲ. ಮನೆಯಲ್ಲಿ ಯಾರ ಮೇಲೆ ಜೋರು ಮಾಡುತ್ತೀವೋ ಅವರ ಮುಖ ಸಪ್ಪಗಾದರೆ ನಮಗೇ ಊಟ ಸೇರುವುದಿಲ್ಲ. ಅಂದರೆ ನಮ್ಮ ನೆಮ್ಮದಿಯ ಜುಟ್ಟು ಇನ್ನೊಬ್ಬರ ಕೈಯಲ್ಲಿ. ಹತ್ತಿರದ ಸಂಬಂಧ ಅಂದರೆ ಇದೇ. ಆದರೆ ಹೆಂಗಸಿನ ಕೈಗೆ ಜುಟ್ಟು ಕೊಡಬಾರದು ಎಂದು ಕೇಳುತ್ತಾ ಬೆಳೆದವನಿಗೆ ಇದು ದಿನಾ ಸೋತಂತೆ. "ಸಂಜೆ ಸ್ವಲ್ಪ ಬೇಗ ಬನ್ನಿ" ಅನ್ನುವುದು ಅವನ ಕಿವಿಗೆ ಆರ್ಡರ್. "ಅಮ್ಮನ ಮನೆಗೆ ಹೋಗಿ ಬರ್ತೀನಿ" ಅನ್ನುವುದು ಧಮಕಿ.

ನನ್ನೆದುರು ಕೂತವರ ಪಟ್ಟಿಯೂ ಹೀಗೇ ಇತ್ತು. ಮಗಳನ್ನು ಯಾವ ಟ್ಯೂಷನ್ನಿಗೆ ಹಾಕಬೇಕು ಅಂತ ಹೆಂಡತಿ ತಾನೇ ಹೋಗಿ ವಿಚಾರಿಸಿ ಬಂದಿದ್ದರು. ಕರೆಂಟ್ ಬಿಲ್ ಜಾಸ್ತಿ ಯಾಕೆ ಬಂತು ಅಂತ ಮಕ್ಕಳ ಎದುರಿಗೆ ಕೇಳಿದ್ದರು. ಅಷ್ಟೇ. ಇಷ್ಟನ್ನು ಅವರು ಬೆರಳು ಮಡಚಿ ಮಡಚಿ ಹೇಳಿದರು. ಸುಟ್ಟ ಗಾಯ ತೋರಿಸಿದ ಹಾಗೆ.

ಇನ್ನೊಂದು ಮುಖವೂ ಇದೆ, ಇದು ಸಿಹಿ ಮುಖ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೀಟರ್ ಗ್ಲಿಕ್ ಮತ್ತು ಸೂಸನ್ ಫಿಸ್ಕ್ 1996ರಲ್ಲಿ 22 ಹೇಳಿಕೆಗಳ ಒಂದು ಪ್ರಶ್ನಾವಳಿ ಮಾಡಿದರು. ಅರ್ಧ ಹೇಳಿಕೆಗಳಲ್ಲಿ ಹೆಂಗಸರ ಮೇಲೆ ಸಿಟ್ಟು, ಅನುಮಾನ. ಉಳಿದ ಅರ್ಧದಲ್ಲಿ ಹೊಗಳಿಕೆ: ಹೆಣ್ಣು ಸೂಕ್ಷ್ಮ, ಹೆಣ್ಣು ಪವಿತ್ರ, ಗಂಡು ಆಕೆಯನ್ನು ಕಾಪಾಡಬೇಕು. ಮೊದಲಿನದು ಕೆಟ್ಟದ್ದು, ಎರಡನೆಯದು ಒಳ್ಳೆಯದು ಅನ್ನಿಸುತ್ತದೆ ಅಲ್ವಾ? 2000ದಲ್ಲಿ ಇದನ್ನು 19 ದೇಶಗಳ 15 ಸಾವಿರಕ್ಕೂ ಹೆಚ್ಚು ಜನರ ಮುಂದಿಟ್ಟಾಗ, ಸಿಟ್ಟು ಜಾಸ್ತಿ ಇರುವ ದೇಶದಲ್ಲೇ ಹೊಗಳಿಕೆಯೂ ಜಾಸ್ತಿ ಇತ್ತು. ಎರಡೂ ಒಂದೇ ಬಳ್ಳಿಯ ಕಾಯಿ. ಪೂಜೆಗೆ ಕೂರಿಸಿದ ಹೆಣ್ಣು ಪೀಠ ಇಳಿದು ಬಿಲ್ ಕೇಳಿದರೆ ಬೈಗುಳ ತಯಾರಿರುತ್ತದೆ.

ಅದೇ ಸಮೀಕ್ಷೆಯಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಹೆಂಗಸರ ಉತ್ತರ. ಗಂಡಸರ ಸಿಟ್ಟು ಜಾಸ್ತಿ ಇರುವ ದೇಶಗಳಲ್ಲಿ "ಕಾಪಾಡುವ ಗಂಡು ಬೇಕು" ಅನ್ನುವುದನ್ನು ಹೆಂಗಸರೂ ಹೆಚ್ಚು ಒಪ್ಪಿದ್ದರು. ಇದು ದಡ್ಡತನವಲ್ಲ, ಲೆಕ್ಕಾಚಾರ. ಹೊರಗೆ ಮಳೆ ಜೋರಾಗಿದ್ದರೆ ಯಾವ ಕೊಡೆಯಾದರೂ ಸರಿ ಅನ್ನಿಸುತ್ತದೆ.

ನಮ್ಮ ರಾಜ್ಯದ ಒಂದು ಅಂಕಿ ಹೇಳುತ್ತೇನೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019–21) ಒಂದಷ್ಟು ಸಂದರ್ಭ ಕೊಟ್ಟು ಕೇಳಿದ್ದರು: ಹೆಂಡತಿ ಹೇಳದೆ ಹೊರಗೆ ಹೋದರೆ, ಎದುರು ಮಾತಾಡಿದರೆ, ಅಡುಗೆ ಸರಿ ಮಾಡದಿದ್ದರೆ, ಅತ್ತೆ-ಮಾವನಿಗೆ ಮರ್ಯಾದೆ ಕೊಡದಿದ್ದರೆ ಗಂಡ ಹೊಡೆಯುವುದು ಸರಿಯೇ? ಕರ್ನಾಟಕದಲ್ಲಿ ಯಾವುದಾದರೂ ಒಂದು ಕಾರಣಕ್ಕಾದರೂ ಸರಿ ಎಂದ ಗಂಡಸರು ಸುಮಾರು ಶೇ 82, ಹೆಂಗಸರು ಶೇ 77. ಹಿಮಾಚಲ ಪ್ರದೇಶದಲ್ಲಿ ಇದು ಎರಡೂ ಕಡೆ ಶೇ 15ರ ಆಸುಪಾಸು. ಹಾಗಾಗಿ ದೇಶವೇ ಹೀಗೆ ಎಂದು ಕೈ ತೊಳೆದುಕೊಳ್ಳುವ ಹಾಗಿಲ್ಲ.

ಸಿಹಿ ಮುಖ ಮನೆಯೊಳಗೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನೂ ನೋಡಿದ್ದಾರೆ. ಮ್ಯಾಥ್ಯೂ ಹ್ಯಾಮಂಡ್ ಮತ್ತು ಓವರಾಲ್ 2015ರ ಅಧ್ಯಯನದಲ್ಲಿ, ಒಬ್ಬರು ತಮ್ಮ ಗುರಿಯ ಬಗ್ಗೆ ಮಾತಾಡುವಾಗ ಜೊತೆಗಾರರು ಹೇಗೆ ಸಹಾಯ ಮಾಡುತ್ತಾರೆ ಎಂದು ಗಮನಿಸಿದರು. "ಕಾಪಾಡುವ" ನಂಬಿಕೆಯ ಗಂಡಸರು ಕೆಲಸವನ್ನು ತಾವೇ ಕೈಗೆ ತೆಗೆದುಕೊಳ್ಳುವ ಥರದ ಸಹಾಯ ಜಾಸ್ತಿ ಮಾಡಿದರು. ಅಂಥ ಸಹಾಯ ಪಡೆದ ಹೆಂಗಸರಿಗೆ ತಮ್ಮ ಸಾಮರ್ಥ್ಯದ ಮೇಲೆ ಭರವಸೆ ಕುಗ್ಗಿತ್ತು. "ಕೊಡು ಇಲ್ಲಿ, ನಾನು ಮಾಡ್ತೀನಿ" ಅನ್ನುವ ಮಾತು ನೆನಪಿಸಿಕೊಳ್ಳಿ. ಸ್ಕೂಟರ್ ಕಲಿಯುವಾಗ, ಟ್ಯಾಕ್ಸ್ ಕಟ್ಟುವಾಗ. ಪ್ರೀತಿಯಿಂದಲೇ ಹೇಳಿದ ಮಾತು. ಹತ್ತು ವರ್ಷದ ನಂತರ ಆಕೆಗೆ ಬ್ಯಾಂಕಿನ ಕೌಂಟರ್ ಮುಂದೆ ನಿಂತರೆ ಕೈ ನಡುಗುತ್ತದೆ. ಆಮೇಲೆ ಗಂಡನೇ ಹೇಳುತ್ತಾನೆ, "ಒಂದು ಫಾರಂ ತುಂಬೋಕೆ ಬರಲ್ಲ ಇವಳಿಗೆ."

ಆಗಸ್ಟ್ 2023ರಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ನನ್ನ ಕೋಣೆಯಲ್ಲಿ ಹೊಸ ಥರದ ಜಗಳ ಕೇಳಿಸಿತು. ತಿಂಗಳಿಗೆ ಎರಡು ಸಾವಿರ, ಮನೆಯ ಯಜಮಾನಿಯ ಖಾತೆಗೆ. "ಸರ್ಕಾರ ಹೆಂಗಸರ ತಲೆ ಕೆಡಿಸಿಬಿಟ್ಟಿದೆ" ಎಂದವರಲ್ಲಿ ಚೆನ್ನಾಗಿ ದುಡಿಯುವವರೂ ಇದ್ದರು. ಅವರ ಮನೆಯ ಖರ್ಚಿನಲ್ಲಿ ಎರಡು ಸಾವಿರ ಲೆಕ್ಕಕ್ಕೇ ಇಲ್ಲ. ಕೇಳದೆ ಖರ್ಚು ಮಾಡಬಹುದಾದ ಎರಡು ಸಾವಿರ ಅನ್ನೋದೇ ಚುಚ್ಚಿದ್ದು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆಯೋ ಸೊಸೆಯೋ ಅನ್ನುವ ಜಗಳ ಬೇರೆಯೇ ಇದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಭಾಷೆಯಲ್ಲೂ ಏಣಿ ಇದೆ. ಆಕೆ "ರೀ, ಬನ್ನಿ", ಆತ "ಬಾರೇ". ಆದರೆ ಇದನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ. ಒಬ್ಬರಿಗೊಬ್ಬರು "ಕಣೋ", "ಕಣೇ" ಅನ್ನುವ ಜೋಡಿಯಲ್ಲಿ ಆಕೆಯ ಫೋನಿನ ಪಾಸ್‌ವರ್ಡ್ ಆತ ಇಟ್ಟಿದ್ದನ್ನು ನೋಡಿದ್ದೇನೆ. "ರೀ" ಅನ್ನುತ್ತಲೇ ಇಡೀ ಮನೆ ನಡೆಸುವ ಅಜ್ಜಿಯರು ನಿಮಗೂ ಗೊತ್ತು.

"ಅವಳು ಯಾವಾಗಲೂ ವಟವಟ, ಅದಕ್ಕೇ ನಾನು ಎದ್ದು ಹೋಗ್ತೀನಿ" ಅನ್ನುವುದು ಇನ್ನೊಂದು ದೂರು. ಆಂಡ್ರ್ಯೂ ಕ್ರಿಸ್ಟೆನ್ಸನ್ ಮತ್ತು ಕ್ರಿಸ್ಟೋಫರ್ ಹೀವಿ 1990ರಲ್ಲಿ ದಂಪತಿಗಳನ್ನು ಕೂರಿಸಿ ಮಾತಾಡಿಸಿದಾಗ, ಹೆಂಡತಿಗೆ ಬದಲಾವಣೆ ಬೇಕಾದ ವಿಷಯ ಎತ್ತಿಕೊಂಡರೆ ಹೆಂಡತಿ ಬಿಡದೆ ಕೇಳುವ, ಗಂಡ ಜಾರಿಕೊಳ್ಳುವ ಈ ಆಟ ಚೆನ್ನಾಗಿ ಕಂಡಿತು. ಗಂಡನಿಗೆ ಬದಲಾವಣೆ ಬೇಕಾದ ವಿಷಯ ಬಂದಾಗ ಕೇಳುವುದರಲ್ಲಿ, ಜಾರಿಕೊಳ್ಳುವುದರಲ್ಲಿ ಇಬ್ಬರ ನಡುವಿನ ವ್ಯತ್ಯಾಸ ಕರಗಿತು. ಇದ್ದದ್ದು ಹಾಗೇ ಇರಲಿ ಅನ್ನುವವರಿಗೆ ಎದ್ದು ಹೋಗುವುದು ಸುಲಭ. ಬದಲಾಗಲಿ ಅನ್ನುವವರು ಹಿಂದೆ ಹೋಗಿ ಕೇಳಲೇಬೇಕು, ವಟಗುಟ್ಟುವವರು ಅನ್ನಿಸಿಕೊಳ್ಳಲೇಬೇಕು.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಇಬ್ಬರನ್ನೂ ಒಟ್ಟಿಗೆ ಕೂರಿಸುವ ಮೊದಲು ಒಬ್ಬೊಬ್ಬರನ್ನೇ ಕರೆದು, ಭಯ ಇದೆಯಾ ಎಂದು ಕೇಳುತ್ತೇನೆ. ಭಯ ಇದ್ದರೆ ಜೋಡಿ ಸಮಾಲೋಚನೆ ಇಲ್ಲ. ಇಲ್ಲಿ ಆಕೆ ಬಿಟ್ಟ ಮಾತಿಗೆ ಮನೆಯಲ್ಲಿ ಪೆಟ್ಟು ಬೀಳಬಹುದು. ಅಂಥವರಿಗೆ 181 ಸಹಾಯವಾಣಿ ಇದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಇದೆ, ಅದು ಹೊಡೆತಕ್ಕೆ ಮಾತ್ರ ಅಲ್ಲ, ದುಡ್ಡು ಕಾಸಿನ ವಿಷಯದಲ್ಲಿ ಕಟ್ಟಿಹಾಕುವುದನ್ನೂ ಹಿಂಸೆ ಎನ್ನುತ್ತದೆ.

ಟೀಚರಮ್ಮನಿಗೆ ಭಯ ಇರಲಿಲ್ಲ. ಇದ್ದದ್ದು ಸುಸ್ತು. ಹಾಗಾಗಿ ಇಬ್ಬರಿಗೂ ಒಂದೇ ಕೆಲಸ ಕೊಟ್ಟೆ: ಬ್ಯಾಂಕಿಗೆ ಹೋಗಿ ನಂಬರ್ ಬದಲಾಯಿಸಿ. ಆತ, "ಅಂದ್ರೆ ನನ್ನ ಮೇಲೆ ನಂಬಿಕೆ ಇಲ್ವಾ?" ಅಂದರು. ಇದು ಬರುತ್ತದೆ ಎಂದು ಗೊತ್ತಿತ್ತು. ಆಕೆ ಹೇಳಿದ್ದು ಮಾತ್ರ ನಿರೀಕ್ಷಿಸಿರಲಿಲ್ಲ. "ಬೇಡ ಬಿಡಿ ಮೇಡಂ, ಅವರೇ ನೋಡ್ಕೊಳ್ಳಲಿ. ನಾನು ಏನಾದ್ರೂ ತಪ್ಪು ಒತ್ತಿಬಿಟ್ರೆ?"

ಮುಂದಿನ ಎರಡು ಭೇಟಿ ಇದೇ ಮಾತಿನಲ್ಲಿ ಹೋಯಿತು. ಒಂದು ಸಲ ಬ್ಯಾಂಕಿಗೆ ರಜೆ ಅಂದರು. ಇನ್ನೊಂದು ಸಲ ಆಧಾರ್ ಕಾರ್ಡಿನ ಜೆರಾಕ್ಸ್ ಮರೆತಿತ್ತಂತೆ. ನಾನು ಒತ್ತಾಯ ಮಾಡಲಿಲ್ಲ. ಆ ಎರಡು ವಾರ ಆತನಿಗೆ ಇನ್ನೊಂದು ಕೆಲಸ ಇತ್ತು. ಮನೆಯಲ್ಲಿ ತಮ್ಮ ಮಾತು ನಡೆದ ಸಂದರ್ಭಗಳನ್ನು ಒಂದು ಚೀಟಿಯಲ್ಲಿ ಬರೆದು ತರಬೇಕು, ಚಿಕ್ಕದಾದರೂ ಸರಿ. ಮೊದಲ ವಾರ ಎರಡು ಸಾಲು ತಂದರು. ಎರಡನೇ ವಾರ ಚೀಟಿಯ ಹಿಂದುಗಡೆಯೂ ತುಂಬಿತ್ತು. ಅದನ್ನು ಓದಿ ಹೇಳುವಾಗ ಅವರ ದನಿ ಸ್ವಲ್ಪ ಸಣ್ಣಗಾಯಿತು.

ನಾಲ್ಕನೇ ಸಲ ಬಂದಾಗ ಮಾತಿನ ಮಧ್ಯೆ ಫೋನ್ ಟಿಂಗ್ ಅಂದಿತು. ಆತನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು.

"ನಿಮ್ದಲ್ಲ ರೀ, ನಂದು" ಅಂದರು ಆಕೆ. ತಿಂಗಳ ಮೊದಲ ವಾರ, ಸಂಬಳ ಬಿದ್ದಿತ್ತು.

"ಎಷ್ಟು ಹಾಕಿದ್ದಾರೆ?"

ಆಕೆ ಫೋನನ್ನು ವ್ಯಾನಿಟಿ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದರು. "ಮನೇಲಿ ಹೇಳ್ತೀನಿ."

ಆತ ನನ್ನ ಮುಖ ನೋಡಿದರು. ನಾನು ನನ್ನ ಡೈರಿ ನೋಡಿದೆ.