ಸ್ನೋಡ್ರಾಪ್ ಬೀಜ: ಬಿತ್ತಿದ ಮೇಲೆ ಮಣ್ಣೊಳಗೆ ಏನಾಗುತ್ತದೆ?

ತಂಪು ಸೀಮೆಯ ಪುಟ್ಟ ಬಿಳಿ ಹೂವಿನ ಗಿಡ ಸ್ನೋಡ್ರಾಪನ್ನು ಹೆಚ್ಚಿನವರು ಗೆಡ್ಡೆಯಿಂದಲೇ ಬೆಳೆಸುತ್ತಾರೆ. ಅದು ಸುಲಭ, ಬೇಗ ಹೂವೂ ಸಿಗುತ್ತದೆ. ಬೀಜದ ದಾರಿ ಹಿಡಿದರೆ ಪಾಲಿಸಬೇಕಾದ ನಿಯಮಗಳು ಜಾಸ್ತಿ: ಬೀಜ ಒಣಗಿಸಬೇಡಿ, ಕೂಡಲೇ ಬಿತ್ತಿ, ಬೇಸಿಗೆಯಲ್ಲೂ ತೇವ ಇರಲಿ, ಮೊಳಕೆ ಬರಲಿಲ್ಲ ಅಂತ ಕುಂಡ ಖಾಲಿ ಮಾಡಬೇಡಿ. ಇವನ್ನು ಸುಮ್ನೆ ಬಾಯಿಪಾಠ ಮಾಡುವುದು ಬೇಡ. ಹೆಚ್ಚುಕಡಿಮೆ ಎಲ್ಲಕ್ಕೂ ಕಾರಣ ಒಂದೇ. ಕಾಯಿ ಒಡೆದು ಬೀಜ ನೆಲಕ್ಕೆ ಬೀಳುವಾಗ ಅದರೊಳಗಿನ ಭ್ರೂಣ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ.

ಎಲ್ಲರಿಗೂ ಪರಿಚಯವಿರುವ ಸ್ನೋಡ್ರಾಪ್ ಜಾತಿ, ಗ್ಯಾಲಾಂಥಸ್ ನಿವಾಲಿಸ್, ಯುರೋಪಿನ ಗಿಡ. ಅಲ್ಲಿ ಚಳಿಗಾಲದ ಕೊನೆಗೆ ಹೂ ಬಿಡುತ್ತದೆ, ಮೇ-ಜೂನ್ ಹೊತ್ತಿಗೆ ಕಾಯಿ ಬಲಿಯುತ್ತದೆ. ಆಮೇಲೆ ಬರುವ ಬೇಸಿಗೆಯ ಬಿಸುಪಿನಲ್ಲಿ, ಮಣ್ಣಿನ ತೇವದಲ್ಲಿ, ಬೀಜದೊಳಗೆ ಭ್ರೂಣ ನಿಧಾನಕ್ಕೆ ಉದ್ದವಾಗುತ್ತದೆ. ಹವೆ ತಂಪಾಗುತ್ತಿದ್ದಂತೆ ಬೇರು ಹೊರಬರುತ್ತದೆ. ಎಲೆ ಮಾತ್ರ ಚಳಿ ಅನುಭವಿಸಿದ ಮೇಲೆಯೇ ಮಣ್ಣಿನಿಂದ ತಲೆ ಎತ್ತುವುದು. ಅಂದರೆ ಮೊದಲು ಬಿಸುಪು, ಆಮೇಲೆ ತಂಪು. ಈ ಸರದಿ ಗೊತ್ತಿಲ್ಲದೆ ಬೀಜವನ್ನು ನೇರ ಫ್ರಿಜ್‌ಗೆ ಹಾಕುವವರಿದ್ದಾರೆ. ಚಳಿ ಬೇಕು ಅನ್ನೋದು ನಿಜ, ಆದರೆ ಬೆಳೆಯದ ಭ್ರೂಣಕ್ಕೆ ಚಳಿ ಕೊಟ್ಟು ಏನು ಪ್ರಯೋಜನ?

ಬೀಜ ಕೊಯ್ಯುವ ಹೊತ್ತು ಗುರುತಿಸಲು ಕಣ್ಣು ಪಳಗಬೇಕು. ಹೂ ಉದುರಿದ ಮೇಲೆ ಕಾಯಿ ಹಸಿರಾಗಿ ಊದಿಕೊಳ್ಳುತ್ತದೆ. ದಂಟು ಅದರ ಭಾರಕ್ಕೆ ಬಾಗಿ ನೆಲದ ಮೇಲೆ ಮಲಗುತ್ತದೆ. ಕಾಯಿಯ ಬಣ್ಣ ಹಳದಿಗೆ ತಿರುಗಿ, ಮುಟ್ಟಿದರೆ ಮೆತ್ತಗಿದ್ದರೆ ಅದೇ ಸಮಯ. ಒಳಗಿನ ಬೀಜ ನಸುಬಿಳಿ, ಒಂದು ತುದಿಯಲ್ಲಿ ಸಣ್ಣ ಬಾಲದಂಥ ತಿರುಳು. ಆ ತಿರುಳು ಇರುವುದು ಇರುವೆಗಳಿಗಾಗಿ. ಅವು ಬೀಜವನ್ನು ಗೂಡಿಗೆ ಎಳೆದೊಯ್ದು ತಿರುಳು ತಿಂದು, ಬೀಜವನ್ನು ಬಿಟ್ಟುಬಿಡುತ್ತವೆ. ಗಿಡಕ್ಕೆ ಬೇಕಾದ್ದೂ ಅಷ್ಟೇ. ನಾವು ತಡಮಾಡಿದರೆ ಇರುವೆ ಕಾಯುವುದಿಲ್ಲ, ಹಾಗಾಗಿ ಕಾಯಿಗೆ ಮೊದಲೇ ತೆಳುಬಲೆಯ ಚೀಲ ಕಟ್ಟಿಡುವುದು ಒಳ್ಳೆಯದು.

ಎಲ್ಲ ಹೂವೂ ಕಾಯಿ ಕಟ್ಟುವುದಿಲ್ಲ ಅನ್ನೋದನ್ನೂ ಗಮನಿಸಿ. ಹೂ ಅರಳಿದ ದಿನಗಳಲ್ಲಿ ತುಂಬಾ ಚಳಿ ಇದ್ದರೆ ಜೇನುನೊಣ ಹೊರಗೇ ಬರುವುದಿಲ್ಲ. ಬಿಸಿಲು ಬಂದ ಮಧ್ಯಾಹ್ನ ಸಣ್ಣ ಬ್ರಷ್‌ನಿಂದ ಪರಾಗ ದಾಟಿಸಬಹುದು. ದಟ್ಟ ಎಸಳಿನ 'ಫ್ಲೋರ್ ಪ್ಲೀನೊ' ಎಂಬ ಸ್ನೋಡ್ರಾಪ್ ತಳಿ ಸಾಮಾನ್ಯವಾಗಿ ಬೀಜ ಕೊಡುವುದಿಲ್ಲ, ಆದರೆ ಅದರ ಪರಾಗ ಕೆಲಸಕ್ಕೆ ಬರುತ್ತದೆ. ಇಂಗ್ಲೆಂಡಿನ ತೋಟಗಾರ ಹೇರಿಕ್ ಗ್ರೇಟೊರೆಕ್ಸ್ 1940ರ ದಶಕದಲ್ಲಿ ಆ ಪರಾಗವನ್ನು ಇನ್ನೊಂದು ಸ್ನೋಡ್ರಾಪ್ ಜಾತಿಯಾದ ಗ್ಯಾಲಾಂಥಸ್ ಪ್ಲೈಕೇಟಸ್ ಮೇಲೆ ಹಾಕಿಯೇ 'ಒಫೀಲಿಯಾ', 'ಹಿಪ್ಪೊಲಿಟಾ'ದಂಥ ದಟ್ಟ ಎಸಳಿನ ತಳಿಗಳನ್ನು ಪಡೆದದ್ದು. ಬೀಜದ ದಾರಿಯ ನಿಜವಾದ ಆಕರ್ಷಣೆ ಇಲ್ಲೇ ಇದೆ, ಅಲ್ವಾ? ಹೆಸರಿಟ್ಟ ತಳಿಯ ಬೀಜ ಬಿತ್ತಿದರೆ ಮರಿ ತಾಯಿಯ ಹಾಗೇ ಇರುತ್ತದೆ ಅಂತ ಹೇಳಲಾಗದು. ತಾಯಿಯ ನಕಲೇ ಬೇಕಿದ್ದರೆ ಗೆಡ್ಡೆ ವಿಂಗಡಿಸುವುದೇ ಸರಿ.

ಬಿತ್ತನೆಗೆ ಹೆಚ್ಚೇನೂ ಇಲ್ಲ. ತೋಟದ ಮಣ್ಣು, ಕೊಳೆತ ಎಲೆಗೊಬ್ಬರ, ಸಣ್ಣ ಜಲ್ಲಿ ಬೆರೆಸಿ ನೀರು ನಿಲ್ಲದಂತೆ ಮಾಡಿ. ಸುಮಾರು 1 ಸೆಂ.ಮೀ. ಆಳಕ್ಕೆ, ಸ್ವಲ್ಪ ದೂರ ದೂರ ಹಾಕಿ, ಯಾಕೆಂದರೆ ಎರಡು ವರ್ಷ ಅವು ಅದೇ ಕುಂಡದಲ್ಲಿ ಇರಬೇಕು. ಮೇಲೊಂದು ಪದರ ಜಲ್ಲಿ ಹರಡಿದರೆ ಪಾಚಿ ಕಟ್ಟುವುದು ಕಡಿಮೆ. ಕುಂಡ ಹೊರಗೆ ನೆರಳಲ್ಲಿರಲಿ. ಇಲಿ ಕಾಟ ಇರುವ ಕಡೆ ತಂತಿಬಲೆ ಮುಚ್ಚಿ.

ಮೊದಲ ವರ್ಷ ಬರುವುದು ಒಂದೇ ಒಂದು ಎಲೆ, ದಾರದಷ್ಟು ತೆಳ್ಳಗೆ. ಕಳೆ ಅಂದುಕೊಂಡು ಕಿತ್ತುಬಿಡುವ ಅಪಾಯ ಇರುವುದು ಆಗಲೇ. ಕೆಲವು ವಾರಗಳಲ್ಲಿ ಆ ಎಲೆ ಹಳದಿಯಾಗಿ ಒಣಗುತ್ತದೆ. ಗಿಡ ಸತ್ತಿಲ್ಲ, ಅಡಿಯಲ್ಲಿ ಪುಟ್ಟ ಗೆಡ್ಡೆ ಕಟ್ಟಿದೆ. ಆ ಬೇಸಿಗೆಯಲ್ಲೂ ಮಣ್ಣು ಪೂರ್ತಿ ಒಣಗಬಾರದು, ಇಷ್ಟು ಚಿಕ್ಕ ಗೆಡ್ಡೆಗೆ ತಾಳಿಕೊಳ್ಳುವಷ್ಟು ನೀರಿನ ದಾಸ್ತಾನು ಇರುವುದಿಲ್ಲ. ಎರಡನೇ ವರ್ಷದ ಎಲೆ ಸ್ವಲ್ಪ ಅಗಲ. ಕೆಲವು ಬೀಜಗಳು ಮೊಳೆಯುವುದೇ ಎರಡನೇ ವರ್ಷ, ಕುಂಡ ಖಾಲಿ ಮಾಡಬೇಡಿ ಅಂದದ್ದು ಅದಕ್ಕೇ.

ಎರಡು ವರ್ಷ ಕಳೆದು ಎಲೆ ಒಣಗುತ್ತಿರುವಾಗ ಗೆಡ್ಡೆಗಳನ್ನು ಮಣ್ಣಿನ ಮುದ್ದೆಯ ಸಮೇತ ದೊಡ್ಡ ಕುಂಡಕ್ಕೋ ನೆಲಕ್ಕೋ ಬದಲಿಸಿ, ಒಂದೊಂದಾಗಿ ಬಿಡಿಸಲು ಹೋಗಬೇಡಿ. ಹೂವು ಸಾಮಾನ್ಯವಾಗಿ ಮೂರರಿಂದ ಐದನೇ ವರ್ಷದೊಳಗೆ ಬರುತ್ತದೆ. ಆಗ ಒಳಗಿನ ಮೂರು ಗಿಡ್ಡ ಎಸಳುಗಳ ಮೇಲಿನ ಹಸಿರು ಗುರುತನ್ನು ಹತ್ತಿರದಿಂದ ನೋಡಿ. ಸಸಿಯಿಂದ ಸಸಿಗೆ ವ್ಯತ್ಯಾಸ ಹೆಚ್ಚಾಗಿ ಕಾಣುವುದು ಅಲ್ಲೇ. ಆದರೆ ಮೊದಲ ವರ್ಷದ ಹೂ ನೋಡಿ ತೀರ್ಮಾನಕ್ಕೆ ಬರಬೇಡಿ, ಇನ್ನೊಂದೆರಡು ಸಲ ಅರಳಲಿ.